ಖಾಲಿ ಬಿಲ್ಲೆಯಷ್ಟೇ ಕೆಂಪು

ಆಸ್ಪತ್ರೆಯಿಂದ ಮೂಳೆ ತರುವುದು ನನ್ನ ಕೆಲಸ. ಹಾಗೆ ಹೇಳಿದರೆ ಕೇಳಿದವರು ಮುಖ ಸಿಂಡರಿಸುತ್ತಾರೆ, ಆದ್ದರಿಂದ ನೆಂಟರ ಮನೆಗಳಲ್ಲಿ ಲ್ಯಾಬಿನಲ್ಲಿದ್ದೇನೆ ಎಂದಷ್ಟೇ ಹೇಳುತ್ತೇನೆ. ಜಯನಗರದ ಒಂದು ಆಸ್ಪತ್ರೆಯಲ್ಲಿ ಸೊಂಟದ ಕೀಲು ಬದಲಿಸುವ ಆಪರೇಷನ್ ಇದ್ದ ದಿನ ಐಸ್ ತುಂಬಿದ ಡಬ್ಬ ಹಿಡಿದು ಥಿಯೇಟರಿನ ಹೊರಗೆ ಕೂರುತ್ತೇನೆ. ತೊಡೆಮೂಳೆಯ ಮೇಲ್ತುದಿಯ ಗುಂಡನ್ನು ಕತ್ತರಿಸಿ ತೆಗೆದು, ಅಲ್ಲಿ ಲೋಹದ ಕೀಲು ಕೂರಿಸುತ್ತಾರೆ. ಕತ್ತರಿಸಿದ ಗುಂಡು ಕಸಕ್ಕೆ ಹೋಗುವಂಥದು. ರೋಗಿ ಒಪ್ಪಿ ಸಹಿ ಹಾಕಿದ್ದರೆ ಅದು ನನ್ನ ಡಬ್ಬಕ್ಕೆ ಬರುತ್ತದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿ ಬನ್ನೇರುಘಟ್ಟ ರಸ್ತೆಯ ನಮ್ಮ ಲ್ಯಾಬಿಗೆ ಬರುತ್ತೇನೆ.

ಆ ಗುಂಡಿನೊಳಗಿನ ಮಜ್ಜೆಯಲ್ಲಿ ಸ್ಟೆಮ್ ಸೆಲ್‌ಗಳಿರುತ್ತವೆ. ಮುಂದೆ ಏನಾಗಬೇಕು ಎಂಬುದು ಇನ್ನೂ ತೀರ್ಮಾನವಾಗದ ಜೀವಕೋಶಗಳು ಅವು. ಮೂಳೆಯಾಗಬಹುದು, ಕೊಬ್ಬೂ ಆಗಬಹುದು. ಅವನ್ನು ಬೇರ್ಪಡಿಸಿ, ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿ, ನಾಣ್ಯದಷ್ಟಗಲದ ಟೈಟೇನಿಯಂ ಬಿಲ್ಲೆಗಳ ಮೇಲೆ ಬಿಡುತ್ತೇವೆ. ಒಂದೊಂದು ಬಿಲ್ಲೆಗೆ ಒಂದೊಂದು ಲೇಪ. ಕೆಲವಕ್ಕೆ ನಮ್ಮ ಮೂಳೆಯಲ್ಲೇ ಇರುವಂಥ ಸುಣ್ಣದಂಶದ ಲೇಪ, ಕೆಲವಕ್ಕೆ ಅದರ ಜೊತೆ ಚೂರು ಬೆಳ್ಳಿ, ಕೆಲವು ಬರಿ ಲೋಹ. ಎರಡು ದಿನಕ್ಕೊಮ್ಮೆ ಹಳೆಯ ಪೋಷಕ ದ್ರವ ತೆಗೆದು ಹೊಸದು ಹಾಕಬೇಕು. ಇದಕ್ಕೆ ನಾವು ಊಟ ಹಾಕುವುದು ಅನ್ನುತ್ತೇವೆ. ದೀಪಾವಳಿಯ ದಿನವೂ ಎಣ್ಣೆಸ್ನಾನ ಮುಗಿಸಿ ತಿಲಕ್ ನಗರದ ಮನೆಯಿಂದ ಹೋಗಿ ಊಟ ಹಾಕಿ ಬಂದಿದ್ದೇನೆ.

ಮೂರು ವಾರ ಕಳೆದ ಮೇಲೆ ಬಿಲ್ಲೆಗಳಿಗೆ ಒಂದು ಬಣ್ಣ ಹಾಕಿ ತೊಳೆಯುತ್ತೇವೆ. ಜೀವಕೋಶಗಳು ಮೂಳೆಯ ಹಾದಿ ಹಿಡಿದು ಸುಣ್ಣ ಕಟ್ಟಿದ್ದರೆ ಆ ಜಾಗ ಕೆಂಪಾಗುತ್ತದೆ. ಆದರೆ ಲೇಪವೇ ಸುಣ್ಣದ್ದು, ಅದೂ ಕೆಂಪಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ತಿಳಿಯದೆ ನಾನು ಕೆಂಪು ಕಂಡಾಗಲೆಲ್ಲ ಖುಷಿಪಟ್ಟು ಬೈಸಿಕೊಂಡಿದ್ದೆ. ಅದಕ್ಕಾಗಿ ಪ್ರತಿ ಸಲವೂ ಜೀವಕೋಶ ಹಾಕದ ಒಂದು ಖಾಲಿ ಬಿಲ್ಲೆಯನ್ನೂ ಅಷ್ಟೇ ದಿನ ಅದೇ ದ್ರವದಲ್ಲಿಟ್ಟು, ಅದೇ ಬಣ್ಣ ಹಾಕಿ ಪಕ್ಕದಲ್ಲಿಡಬೇಕು. ಖಾಲಿ ಬಿಲ್ಲೆಗಿಂತ ಎಷ್ಟು ಹೆಚ್ಚು ಕೆಂಪೋ ಅಷ್ಟೇ ಜೀವಕೋಶ ಮಾಡಿದ ಕೆಲಸ.

ಈಗ ಹೇಳಹೊರಟಿರುವುದು ಒಬ್ಬ ಹೆಂಗಸಿನ ವಿಷಯ. ಆಪರೇಷನ್ನಿನ ಹಿಂದಿನ ಸಂಜೆ ರೋಗಿಗಳ ಹತ್ತಿರ ಹೋಗಿ ಫಾರಂ ಓದಿ ಹೇಳಿ ಸಹಿ ತೆಗೆದುಕೊಳ್ಳುವವಳೂ ನಾನೇ. ಸಾಮಾನ್ಯವಾಗಿ ಅರವತ್ತು ಎಪ್ಪತ್ತು ದಾಟಿದವರೇ ಇರುತ್ತಾರೆ. ಈಕೆಗೆ ಮೂವತ್ತನಾಲ್ಕು. ವಿಜಯಪುರದ ಕಡೆಯವಳು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಳು. ಗಂಡ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುತ್ತಿದ್ದ. ಇವಳು ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಸುತ್ತಮುತ್ತಲಿನ ಪಿಜಿಗಳಿಗೂ ಮನೆಗಳಿಗೂ ಕೊಡುತ್ತಿದ್ದಳು. ಕೋವಿಡ್ ಬಂದಾಗ ಉಸಿರಿಗೆ ಕಷ್ಟವಾಗಿ ಆಸ್ಪತ್ರೆ ಸೇರಿದ್ದಳಂತೆ. ಆಗ ಕೊಟ್ಟ ಸ್ಟೀರಾಯ್ಡ್ ಜೀವ ಉಳಿಸಿತು. ವರ್ಷದೊಳಗೆ ಸೊಂಟ ನೋಯತೊಡಗಿತು. ರಕ್ತ ಹರಿಯುವುದು ನಿಂತು ತೊಡೆಮೂಳೆಯ ಗುಂಡು ಒಳಗೇ ಸತ್ತು ಕುಸಿದಿತ್ತು. ಆ ಒಂದೆರಡು ವರ್ಷ ಹೀಗಾದ ಬಹಳ ಜನರನ್ನು ನಾನು ಕಂಡೆ. ಆದರೆ ನಮ್ಮ ಲ್ಯಾಬಿಗೆ ಮೂಳೆ ಕೊಟ್ಟವರಲ್ಲಿ ಇವಳೊಬ್ಬಳೇ.

ಫಾರಂನ ಕನ್ನಡ ಸರ್ಕಾರಿ ಕನ್ನಡ. ನಾನು ಅರ್ಥ ಬಿಡಿಸಿ ಹೇಳುವುದರೊಳಗೆ ಅವಳು ಪೆನ್ನಿಗೆ ಕೈ ಚಾಚಿದಳು.

"ಹೆಂಗೂ ಕಸಕ್ಕ ಒಗಿಯೋದಲ್ರೀ ಅಕ್ಕಾರ. ಯಾರಿಗರ ಉಪಯೋಗ ಆದ್ರ ಆಗಲಿ, ತಗೊಳ್ರಿ" ಅಂದಳು.

ಸಹಿ ಹಾಕಿದ ಮೇಲೆ ರೊಟ್ಟಿ ಬೇಕಾದರೆ ಹೇಳಿ ಎಂದು ತನ್ನ ಫೋನ್ ನಂಬರನ್ನೂ ಬರೆದುಕೊಟ್ಟಳು. ನಾಳೆ ಆಪರೇಷನ್ ಇಟ್ಟುಕೊಂಡು ಇವತ್ತು ಗಿರಾಕಿ ಹಿಡಿಯುತ್ತಿದ್ದಾಳಲ್ಲ ಎಂದು ನನಗೆ ನಗು ಬಂತು, ಮೆಚ್ಚುಗೆಯೂ ಆಯಿತು.

ಗುಂಡಿನ ಸಾಯದೆ ಉಳಿದ ಭಾಗದಿಂದ ತೆಗೆದ ಅವಳ ಜೀವಕೋಶಗಳು ಪ್ಲಾಸ್ಟಿಕ್ ತಟ್ಟೆಯಲ್ಲಿ ನಿಧಾನವಾಗಿ ಬೆಳೆದವು. ಬಿಲ್ಲೆಗಳ ಮೇಲೆ ಬಿಟ್ಟಾಗ ಅಂಟಿಕೊಂಡವು, ಸಾಯಲಿಲ್ಲ. ಹಾಗಾಗಿ ನನಗೇನೂ ಅನುಮಾನ ಬರಲಿಲ್ಲ. ಲೋಹದ ಮೇಲಿರುವುದು ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ. ತಟ್ಟೆಯಲ್ಲಿ ಉಳಿದವನ್ನು ನೋಡಿ ಅಂದಾಜು ಮಾಡಬೇಕು. ಎರಡನೆಯ ವಾರ ತಟ್ಟೆಯಲ್ಲಿ ಸಣ್ಣ ಸಣ್ಣ ಹೊಳೆಯುವ ಗುಳ್ಳೆಗಳು ಕಂಡವು. ಕೊಬ್ಬು. ಮೂಳೆಯಾಗುವಂತೆ ಬೇಕಾದ್ದನ್ನೆಲ್ಲ ಬೆರೆಸಿ ಉಣಿಸಿದರೂ ಅವು ಕೊಬ್ಬಿನ ಕಡೆಗೇ ವಾಲಿದ್ದವು. ಸ್ಟೀರಾಯ್ಡ್ ಮಜ್ಜೆಗೆ ಹೀಗೆ ಮಾಡುವುದುಂಟು ಎಂದು ಓದಿದ್ದೆ. ಕಣ್ಣಾರೆ ನೋಡಿದ್ದು ಅದೇ ಮೊದಲು.

ಮೂರು ವಾರಕ್ಕೆ ಬಣ್ಣ ಹಾಕಿದೆ. ಬರಿ ಲೋಹದ ಬಿಲ್ಲೆ ಬೂದುಬಣ್ಣದಲ್ಲೇ ಉಳಿಯಿತು. ಲೇಪದ ಬಿಲ್ಲೆ ಕೆಂಪಾಯಿತು. ಪಕ್ಕದ ಖಾಲಿ ಬಿಲ್ಲೆಯೂ ಕೆಂಪಾಯಿತು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಯಾವುದರಲ್ಲಿ ಅವಳಿದ್ದಾಳೆ, ಯಾವುದರಲ್ಲಿ ಇಲ್ಲ ಎಂದು ಹಿಂದೆ ಬರೆದ ಗುರುತು ನೋಡದೆ ಹೇಳಲಾಗುತ್ತಿರಲಿಲ್ಲ. ನನ್ನದೇ ತಪ್ಪಿರಬಹುದೆಂದು ಮತ್ತೆ ಮೊದಲಿಂದ ಮಾಡಿದೆ. ಮತ್ತೆ ಹಾಗೇ ಆಯಿತು.

ಅವಳಿಗೆ ಹಾಕಿದ್ದು ಸಿಮೆಂಟಿಲ್ಲದೆ ಕೂರಿಸುವ ಕೀಲು. ಅದರ ಕಾಂಡವನ್ನು ತೊಡೆಮೂಳೆಯ ಪೊಳ್ಳಿನೊಳಗೆ ಬಿಗಿಯಾಗಿ ಇಳಿಸುತ್ತಾರೆ. ಆಮೇಲೆ ಸುತ್ತಲಿನ ಮೂಳೆ ಬೆಳೆದು ಬಂದು ಅದರ ಲೇಪವನ್ನು ಹಿಡಿದುಕೊಳ್ಳಬೇಕು. ಆ ಲೇಪ ಹೆಚ್ಚುಕಡಿಮೆ ನಮ್ಮ ಬಿಲ್ಲೆಗಳ ಮೇಲಿದ್ದದ್ದೇ. ಇದು ಅವಳ ಫೈಲಿನಲ್ಲಿತ್ತು. ಆ ಫೈಲನ್ನು ನಾನು ನೋಡಿದ್ದೆ.

ನಮ್ಮ ಲ್ಯಾಬಿನ ಮುಖ್ಯಸ್ಥರಿಗೆ ಫಲಿತಾಂಶ ತೋರಿಸಿದೆ. ಅವರು ಕೆಟ್ಟವರಲ್ಲ. ನನ್ನ ತಾಯಿ ತೀರಿಕೊಂಡಾಗ ಮೂರು ದಿನ ನನ್ನ ಬದಲಿಗೆ ತಾವೇ ಕೂತು ಜೀವಕೋಶಗಳಿಗೆ ಊಟ ಹಾಕಿದವರು. ಕಾಗದಗಳನ್ನು ಎರಡು ಸಲ ತಿರುವಿ ನೋಡಿ, ಇವರು ಸ್ಟೀರಾಯ್ಡ್ ತಗೊಂಡಿದ್ರಾ ಎಂದು ಕೇಳಿದರು. ಹೌದೆಂದೆ.

"ಹಾಗಾದ್ರೆ ಈ ಸ್ಯಾಂಪಲ್ ಸೇರಿಸೋಕಾಗಲ್ಲ. ನಾವು ಟೆಸ್ಟ್ ಮಾಡ್ತಿರೋದು ಲೇಪಾನ, ಪೇಷೆಂಟನ್ನಲ್ಲ" ಅಂದರು.

ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಸ್ಟೀರಾಯ್ಡ್ ವಿಷಯ ಮೊದಲಿಂದಲೂ ಫೈಲಿನಲ್ಲಿತ್ತು. ಅವಳ ಜೀವಕೋಶಗಳು ಲೇಪದ ಮೇಲೆ ಚೆನ್ನಾಗಿ ಮೂಳೆ ಕಟ್ಟಿದ್ದರೆ ಆ ಪ್ರಶ್ನೆ ಏಳುತ್ತಿತ್ತೇ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಲಿಲ್ಲ. ಉಳಿದವರ ಫಲಿತಾಂಶ ಚೆನ್ನಾಗಿತ್ತು. ಪ್ರಬಂಧ ಅಚ್ಚಾಯಿತು. ಅದರಲ್ಲಿ ನನ್ನ ಹೆಸರೂ ಇದೆ. ಅವಳ ಉಳಿದ ಜೀವಕೋಶಗಳನ್ನು ಆರು ಚಿಕ್ಕ ಬಾಟಲಿಗಳಿಗೆ ತುಂಬಿ ದ್ರವ ಸಾರಜನಕದ ಟ್ಯಾಂಕಿನಲ್ಲಿ ಇಳಿಬಿಟ್ಟೆ. ಅಷ್ಟು ಚಳಿಯಲ್ಲಿ ಅವು ವರ್ಷಗಟ್ಟಲೆ ಕೆಡುವುದಿಲ್ಲ.

ಒಬ್ಬೊಬ್ಬ ದಾನಿಯ ಫಲಿತಾಂಶವನ್ನು ಅವರಿಗೆ ತಿಳಿಸುವುದಿಲ್ಲ ಎಂದು ಫಾರಂನಲ್ಲೇ ಇದೆ. ಮಾದರಿಗಳಿಗೆ ಸಂಖ್ಯೆಗಳಷ್ಟೇ ಇರುತ್ತವೆ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ನನ್ನ ಬಳಿ ಬೀಗ ಹಾಕಿದ ಡ್ರಾಯರಿನಲ್ಲಿರುತ್ತದೆ. ನಿಯಮ ನನಗೆ ಅನುಕೂಲವಾಗಿತ್ತು.

ಆಪರೇಷನ್ ಆಗಿ ಆರು ತಿಂಗಳಾಗಿರಬೇಕು, ಒಂದು ಸಂಜೆ ಬಿಟಿಎಂನಲ್ಲಿ ಗೆಳತಿಯ ಮನೆಗೆ ಹೋಗುವಾಗ ಒಂದು ಗೇಟಿಗೆ "ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ" ಎಂಬ ಬೋರ್ಡು ಕಂಡಿತು. ಅದರ ಕೆಳಗಿನ ಫೋನ್ ನಂಬರ್ ಎಲ್ಲೋ ನೋಡಿದಂತಿತ್ತು. ಮೆಟ್ಟಿಲು ಹತ್ತಿ ಒಳಗೆ ಹೋದೆ. ಅವಳೇ. ನನ್ನನ್ನು ತಕ್ಷಣ ಗುರುತು ಹಿಡಿದು, ಎಲುಬಿನ ಅಕ್ಕಾರು ಬಂದರು ಎಂದು ಒಳಗಿದ್ದ ನಾದಿನಿಗೆ ಪರಿಚಯ ಮಾಡಿಕೊಟ್ಟಳು. ಮೊದಲು ನೆಲದ ಮೇಲೆ ಒಂದು ಕಾಲು ಮಡಿಚಿ ಕೂತು ರೊಟ್ಟಿ ಬಡಿಯುತ್ತಿದ್ದಳಂತೆ. ಈಗ ನೆಲದ ಮೇಲೆ ಕೂರಬಾರದೆಂದು ಡಾಕ್ಟರು ಹೇಳಿದ್ದರಿಂದ ಅಡುಗೆಕಟ್ಟೆಯ ಮೇಲೆ ಪರಾತ ಎಂಬ ಅಗಲ ತಟ್ಟೆ ಇಟ್ಟು ನಿಂತೇ ಬಡಿಯುತ್ತಿದ್ದಳು. ಬೆಳಿಗ್ಗೆ ಮೂರು ತಾಸು, ಸಂಜೆ ಮೂರು ತಾಸು.

ಅಲ್ಲಿಂದ ಮುಂದೆ ಪ್ರತಿ ಶನಿವಾರ ಅವಳ ಹತ್ತಿರ ರೊಟ್ಟಿ ತರುತ್ತಿದ್ದೆ. ಹೋಗಬಾರದಿತ್ತು. ದಾನಿಗಳ ಜೊತೆ ಬಳಕೆ ಇಟ್ಟುಕೊಳ್ಳಬಾರದು ಎನ್ನುವುದೂ ನಿಯಮವೇ. ಆದರೆ ಅವಳು ನೆಟ್ಟಗೆ ನಿಂತಿದ್ದನ್ನು ವಾರಕ್ಕೊಮ್ಮೆ ಕಣ್ಣಲ್ಲಿ ನೋಡಿ ಬಂದರೆ ಆ ಎರಡು ಬಿಲ್ಲೆಗಳು ಸುಳ್ಳು ಹೇಳಿದವು ಎಂದುಕೊಳ್ಳಬಹುದಿತ್ತು. ತಟ್ಟೆಯೊಳಗೆ ಆದದ್ದು ಮೈಯೊಳಗೂ ಆಗಬೇಕೆಂದಿಲ್ಲ. ಇದನ್ನು ನಾನೇ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ.

ಒಂದು ಶನಿವಾರ ಅವಳು ರೊಟ್ಟಿಯನ್ನು ಪೇಪರಿನಲ್ಲಿ ಸುತ್ತುತ್ತ ಕೇಳಿದಳು.

"ಎದ್ದ ಕೂಡ್ಲೆ ನಾಕ್ ಹೆಜ್ಜಿ ತೊಡಿಯಾಗ ಹಿಡದಂಗ ಆಗ್ತೈತ್ರಿ. ಆಮ್ಯಾಲ ಹೋಗ್ತೈತಿ. ನೀವು ಎಲುಬಿನ ಕೆಲಸದಾಗ ಇರೋರು, ಏನಿದ್ದೀತ್ರಿ ಇದು?"

ನನಗೆ ಗೊತ್ತಿತ್ತು. ಸೊಂಟವಲ್ಲ, ತೊಡೆ. ಇಡೀ ದಿನವಲ್ಲ, ಎದ್ದ ಮೊದಲ ನಾಲ್ಕು ಹೆಜ್ಜೆ. ಕಾಂಡವನ್ನು ಮೂಳೆ ಹಿಡಿದಿಲ್ಲದಿದ್ದರೆ ಭಾರ ಬಿದ್ದಾಗ ಅದು ಒಳಗೆ ಕೂದಲೆಳೆಯಷ್ಟು ಅಲುಗಾಡುತ್ತದೆ. ನೋವು ಹೀಗೇ ಬರುತ್ತದೆ. ಹದಿನೈದು ವರ್ಷ ಆರ್ಥೋಪೆಡಿಕ್ ವಾರ್ಡಿನ ಕಾರಿಡಾರಿನಲ್ಲಿ ಕೂತವಳು ಇಷ್ಟು ತಿಳಿಯದವಳಲ್ಲ. ಎಕ್ಸ್‌ರೇ ತೆಗೆಸಿಕೊಳ್ಳಿ ಎಂಬ ಒಂದು ಮಾತು ಸಾಕಿತ್ತು. ಬಿಲ್ಲೆಯ ವಿಷಯ ಎತ್ತಬೇಕಾಗಿಯೇ ಇರಲಿಲ್ಲ. ಆದರೆ ಹಾಗೆ ಹೇಳಿದರೆ ಯಾಕೆ ಎಂದು ಕೇಳುತ್ತಾಳೆ, ಕೇಳಿದರೆ ನನ್ನ ಮುಖ ಎಲ್ಲ ಹೇಳಿಬಿಡುತ್ತದೆ ಎಂದು ಹೆದರಿದೆ.

"ಕೆಲವರಿಗೆ ಟೈಮ್ ಹಿಡಿಯುತ್ತಮ್ಮ. ಒಳಗೆ ಮೂಳೆ ಕೂಡ್ಕೊಳ್ತಿರುತ್ತೆ. ಸರಿಹೋಗುತ್ತೆ" ಅಂದೆ.

ಅವಳ ಮುಖ ಹಗುರಾಯಿತು. ಡಾಕ್ಟರಿಗೆ ತೋರಿಸಬೇಕೆಂದಿದ್ದೆ, ಅಲ್ಲಿ ಅರ್ಧ ದಿನ ಕಾಯಬೇಕಾಗುತ್ತದೆ, ನೀವು ಹೇಳಿದಿರಲ್ಲ, ಸಾಕು ಅಂದಳು.

ಅದಾದ ಮೇಲೆ ಒಂಬತ್ತು ತಿಂಗಳು. ಶನಿವಾರಗಳಂದು ನಾನು ಬೇಗ ರೊಟ್ಟಿ ತೆಗೆದುಕೊಂಡು ಬೇಗ ಹೊರಡುತ್ತಿದ್ದೆ. ಅವಳು ಕಟ್ಟೆಗೆ ಆತುಕೊಂಡು ನಿಲ್ಲತೊಡಗಿದ್ದಳು. ಆಮೇಲೆ ಒಂದು ಕೈಯಲ್ಲಿ ಕಟ್ಟೆ ಹಿಡಿದು ಇನ್ನೊಂದರಲ್ಲೇ ಬಡಿಯುತ್ತಿದ್ದಳು. ಜೋಳದ ರೊಟ್ಟಿಯನ್ನು ಒಂದೇ ಕೈಯಲ್ಲಿ ಬಡಿದರೆ ಅಂಚು ಸೀಳುತ್ತದೆ. ಮನೆಗೆ ತಂದು ಬಿಚ್ಚಿದಾಗ ಸೀಳಿದ ಅಂಚುಗಳು ಕಾಣುತ್ತಿದ್ದವು. ನಾನು ಅವನ್ನು ಪಲ್ಯದ ಜೊತೆ ತಿಂದೆ, ಏನೂ ಕೇಳಲಿಲ್ಲ. ನಡುವೆ ಎರಡು ವಾರ ಕೆಲಸದ ನೆಪ ಹೇಳಿ ಹೋಗಲೇ ಇಲ್ಲ.

ಒಂದು ಬೆಳಿಗ್ಗೆ ಅವಳ ನಾದಿನಿಯಿಂದ ಫೋನು ಬಂತು. ರೊಟ್ಟಿ ತಿರುವಿ ಹಾಕುವಾಗ ಕಾಲು ಭಾರ ತಡೆಯಲಿಲ್ಲವಂತೆ, ಅಲ್ಲೇ ಕುಸಿದಳಂತೆ. ಬಿದ್ದಾಗ ತೊಡೆಮೂಳೆ ಕಾಂಡದ ಪಕ್ಕದಲ್ಲೇ ಸೀಳಿತ್ತು. ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ನಾನು ನೋಡಿದೆ. ಲೋಹದ ಕಾಂಡದ ಸುತ್ತ ಉದ್ದಕ್ಕೂ ಕಪ್ಪು ಗೆರೆ. ಮೂಳೆ ಎಲ್ಲೂ ಅದನ್ನು ಮುಟ್ಟಿರಲಿಲ್ಲ. ಕಾಂಡ ಒಂದು ಬೆರಳಿನ ಅಗಲದಷ್ಟು ಕೆಳಗಿಳಿದಿತ್ತು. ಮೊದಲೇ ಬಂದಿದ್ದರೆ ಬರಿ ಕಾಂಡ ಬದಲಿಸಿ ಮುಗಿಸಬಹುದಿತ್ತು, ಮೂಳೆ ಸೀಳಿದ ಮೇಲೆ ಬಂದಿದ್ದಾರೆ ಎಂದು ಡಾಕ್ಟರು ಬೇಸರಪಟ್ಟುಕೊಂಡರು. ಈ ಮಾತನ್ನು ಅವರು ಹೇಳಿದ್ದು ನನಗೆ. ಅವರಿಗೆ ನಾನು ಬರಿ ಡಬ್ಬದವಳು.

ಎರಡನೆಯ ಆಪರೇಷನ್ ನಾಲ್ಕು ತಾಸು ಹಿಡಿಯಿತು. ಇನ್ನೂ ಉದ್ದದ ಕಾಂಡ, ಸುತ್ತ ತಂತಿ. ಕಾಲು ಸ್ವಲ್ಪ ಗಿಡ್ಡವಾಯಿತು. ಅವತ್ತು ನಾನು ಡಬ್ಬ ಒಯ್ದಿರಲಿಲ್ಲ.

ಅವಳು ಮನೆಗೆ ಬಂದ ತಿಂಗಳಿಗೆ ನೋಡಲು ಹೋದೆ. ಹಾಲಿನಲ್ಲಿ ಮಂಚ ಹಾಕಿದ್ದರು. ನಾದಿನಿ ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ತಂದಿದ್ದ ಹಣ್ಣನ್ನು ಪಕ್ಕಕ್ಕಿಟ್ಟು ಎಲ್ಲ ಹೇಳಿದೆ. ಬಿಲ್ಲೆ, ಬಣ್ಣ, ಗುಳ್ಳೆ, ಪ್ರಬಂಧದಿಂದ ಬಿಟ್ಟದ್ದು. ಅವಳು ಪೂರ್ತಿ ಕೇಳಿಸಿಕೊಂಡಳು.

"ಯಾವಾಗ ಗೊತ್ತಾತ್ರಿ ನಿಮಗ?"

"ಆಪರೇಷನ್ ಆಗಿ ಮೂರು ತಿಂಗಳಿಗೆ."

"ಅಂದ್ರ ನಾ ಕೇಳಿದಾಗ ಗೊತ್ತಿತ್ತು."

"ಗೊತ್ತಿತ್ತು."

ನಾನು ಸುಮ್ಮನಿರಬೇಕಿತ್ತು, ಇರಲಾಗಲಿಲ್ಲ. ಲ್ಯಾಬಿನಲ್ಲಿ ಕಂಡದ್ದು ಮೈಯೊಳಗೂ ಆಗುತ್ತದೆಂದು ಯಾರೂ ಖಚಿತವಾಗಿ ಹೇಳಲಾರರು, ಕೀಲಂತೂ ಆಗಲೇ ಹಾಕಿಯಾಗಿತ್ತು, ಹೇಳಿದ್ದರೂ ನೀವು ತಾನೇ ಏನು ಮಾಡುವುದಿತ್ತು ಎಂದೆಲ್ಲ ತೊದಲಿದೆ.

"ಏನ್ ಮಾಡ್ತಿದ್ದೆ ಅಂದ್ರ? ಕುರ್ಚಿ ಮ್ಯಾಲೆ ಕುಂಡ್ರತಿದ್ನ್ರೀ" ಅಂದಳು. "ಒಂಬತ್ತ್ ತಿಂಗಳ ನಿಂತು ರೊಟ್ಟಿ ಬಡೀತಿದ್ದಿಲ್ಲ."

ದನಿ ಏರಿಸಲಿಲ್ಲ. ಅತ್ತಿದ್ದರೆ, ಬೈದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. ಒಳಗಿನಿಂದ ನಾದಿನಿ ಚಹಾ ತಂದಿಟ್ಟು ಹೋದಳು. ಕುಡಿಯಿರಿ, ಆರಿ ಹೋಗುತ್ತದೆ ಎಂದು ಮಂಚದ ಮೇಲಿನಿಂದ ಅವಳೇ ಹೇಳಿದಳು. ಕುಡಿದೆ. ಲೋಟ ಕೆಳಗಿಟ್ಟ ಮೇಲೆ ಕೇಳಿದಳು.

"ನನ್ನವು ಇನ್ನೂ ಅದಾವೇನ್ರೀ ಅಲ್ಲಿ?"

ಆರು ಬಾಟಲಿ ಇವೆ, ಚಳಿಯಲ್ಲಿಟ್ಟಿದ್ದೇವೆ ಎಂದೆ.

"ಜೀವಂತ?"

"ಹೂಂ."

"ತಗದ್ ಹಾಕ್ರಿ" ಅಂದಳು.

ಯಾಕೆಂದು ನಾನು ಕೇಳಲಿಲ್ಲ. ದಾನಿ ಯಾವಾಗ ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು, ಕಾರಣ ಕೊಡಬೇಕಾಗಿಲ್ಲ ಎಂದು ಅದೇ ಫಾರಂನಲ್ಲಿದೆ. ಇಷ್ಟು ವರ್ಷದಲ್ಲಿ ಆ ಸಾಲನ್ನು ಬಳಸಿಕೊಂಡವರು ಬೇರೆ ಯಾರೂ ಇಲ್ಲ. ಮರುವಾರ ಹಿಂಪಡೆಯುವ ಕಾಗದ ಒಯ್ದು ಕೊಟ್ಟೆ. ಈ ಸಲ ಅವಳು ಪ್ರತಿಯೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಒಂದು ಕಡೆ ಅರ್ಥವಾಗದೆ ನಿಲ್ಲಿಸಿ ಕೇಳಿ ತಿಳಿದುಕೊಂಡಳು. ಆಮೇಲೆ ಸಹಿ ಹಾಕಿದಳು.

ಲ್ಯಾಬಿನ ಮುಖ್ಯಸ್ಥರಿಗೆ ಬೇಸರವಾಯಿತು. ಆ ಹೊತ್ತಿಗೆ ಸ್ಟೀರಾಯ್ಡ್ ತೆಗೆದುಕೊಂಡವರ ಮೂಳೆಗೆ ಯಾವ ಲೇಪ ಹೊಂದುತ್ತದೆ ಎಂದೇ ಹೊಸ ಅಧ್ಯಯನ ಶುರು ಮಾಡುವ ಆಲೋಚನೆ ಅವರದು. ಅದಕ್ಕೆ ನಮ್ಮಲ್ಲಿ ಇದ್ದದ್ದು ಅವಳ ಜೀವಕೋಶಗಳು ಮಾತ್ರ. ಮಾತಾಡಿ ಒಪ್ಪಿಸಲಾಗುವುದಿಲ್ಲವೇ ಎಂದು ನನ್ನನ್ನು ಕೇಳಿದರು. ನಾನು ಅಲ್ಲಿ ಮತ್ತೆ ಮಾತಾಡಲು ಹೋಗುವುದಿಲ್ಲ ಎಂದೆ. ಅವಳಿಗೆ ಹೇಳಿಬಿಟ್ಟಿದ್ದೇನೆ ಎಂಬುದನ್ನೂ ಆಗಲೇ ತಿಳಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿಯಮ ಮುರಿದದ್ದಕ್ಕೆ ನನ್ನ ಮೇಲೆ ಒಂದು ಪತ್ರ ಬರೆಯಬೇಕಾಗುತ್ತದೆ ಅಂದರು. ಬರೆದರು. ಅದು ನನ್ನ ಫೈಲಿನಲ್ಲಿದೆ. ಹೇಳಿದ್ದಕ್ಕೆ ಪತ್ರ ಬಂತು. ಹೇಳದೆ ಇದ್ದ ಒಂಬತ್ತು ತಿಂಗಳಿಗೆ ಯಾರೂ ಏನೂ ಬರೆಯಲಿಲ್ಲ.

ಬಾಟಲಿಗಳನ್ನು ನಾನೇ ತೆಗೆದೆ. ಟ್ಯಾಂಕಿನ ಮುಚ್ಚಳ ತೆರೆದಾಗ ಬಿಳಿ ಹೊಗೆ ನೆಲದವರೆಗೆ ಇಳಿಯಿತು. ಆರನ್ನೂ ಬಿಸಿನೀರಿನಲ್ಲಿ ಹಿಡಿದು ಕರಗಿಸಿದೆ. ನೇರವಾಗಿ ಬ್ಲೀಚಿಗೆ ಹಾಕಬಹುದಿತ್ತು. ಅಭ್ಯಾಸಬಲ, ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದೆ. ಹೆಚ್ಚಿನವು ಬದುಕಿದ್ದವು. ದುಂಡಗೆ, ಹೊಳೆಯುತ್ತ, ತಟ್ಟೆ ಸಿಕ್ಕರೆ ಅಂಟಿಕೊಳ್ಳಲು ತಯಾರಾಗಿದ್ದವು. ಎಲ್ಲವನ್ನೂ ಬ್ಲೀಚಿಗೆ ಸುರಿದು ಮುಚ್ಚಿ ಅರ್ಧ ಗಂಟೆ ಪಕ್ಕದಲ್ಲಿ ಕೂತೆ. ಆಮೇಲೆ ಸಿಂಕಿಗೆ ಚೆಲ್ಲಿ ನೀರು ಬಿಟ್ಟೆ.

ಸಂಜೆ ಅವಳಿಗೆ ಫೋನ್ ಮಾಡಿ ತಿಳಿಸಿದೆ. ಎಲ್ಲವೂ ಸತ್ತವೇ ಎಂದು ಕೇಳಿದಳು. ಸತ್ತವು ಎಂದೆ. ಛಲೋ ಆತು ಎಂದು ಫೋನ್ ಇಟ್ಟಳು. ಅದೇ ನಾವು ಕೊನೆಯ ಸಲ ಮಾತಾಡಿದ್ದು. ಒಂದೆರಡು ತಿಂಗಳ ಮೇಲೆ ಗೆಳತಿಯಿಂದ ತಿಳಿಯಿತು, ಅವರು ಬಿಟಿಎಂನ ಮನೆ ಬಿಟ್ಟು ಹುಳಿಮಾವಿನ ಕಡೆ ನೆಲಮಹಡಿಯ ಮನೆ ಹಿಡಿದಿದ್ದಾರಂತೆ, ಮೆಟ್ಟಿಲು ಹತ್ತಲಾಗುವುದಿಲ್ಲವೆಂದು. ರೊಟ್ಟಿ ಈಗ ನಾದಿನಿ ಮಾಡುತ್ತಾಳೆ. ಅವಳು ಕುರ್ಚಿಯಲ್ಲಿ ಕೂತು ಹಿಟ್ಟು ನಾದಿಕೊಡುತ್ತಾಳಂತೆ. ಹೊಸ ಕಾಂಡವನ್ನು ಮೂಳೆ ಹಿಡಿದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಆದರೆ ವಿಚಾರಿಸುವ ಹಕ್ಕು ನನಗೆ ಉಳಿದಿಲ್ಲ.

ನಮ್ಮ ಫಾರಂ ಬದಲಾಗಿದೆ. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ, ನೀವು ಹಿಂದೆ ಸ್ಟೀರಾಯ್ಡ್ ತೆಗೆದುಕೊಂಡಿದ್ದೀರಾ ಎಂಬ ಪ್ರಶ್ನೆ ಬಂದಿದೆ. ಹೊಸ ಅಧ್ಯಯನ ಶುರುವಾಗಲೇ ಇಲ್ಲ, ಈ ಪ್ರಶ್ನೆ ತೆಗೆದುಕೊಂಡವರನ್ನು ಮೊದಲೇ ಬಿಟ್ಟುಬಿಡುವುದಕ್ಕೆ. ದಾನಿಗೆ ಸಂಬಂಧಪಟ್ಟ ವಿಷಯ ಏನಾದರೂ ಕಂಡರೆ ಅವರ ಡಾಕ್ಟರಿಗೆ ತಿಳಿಸುತ್ತೇವೆ ಎಂಬ ಒಂದು ಸಾಲನ್ನು ಸೇರಿಸಿ ಎಂದು ನಾನು ಬರೆದುಕೊಟ್ಟೆ. ಸಮಿತಿಯ ಮುಂದಿಡುತ್ತೇವೆ ಅಂದಿದ್ದಾರೆ. ಎರಡು ಸಲ ನೆನಪಿಸಿದ್ದೇನೆ. ನಾಳೆ ಜಯನಗರದಲ್ಲಿ ಒಂದು ಆಪರೇಷನ್ ಇದೆ, ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು. ಇವತ್ತು ಹೋಗಿ ಸಹಿ ತಂದೆ. ನನ್ನ ಮೂಳೆ ಹೇಗಿದೆ ಅಂತ ಆಮೇಲೆ ಹೇಳ್ತೀರಾ ಎಂದು ಅವರು ನಗುತ್ತ ಕೇಳಿದರು. ಹೇಳುವುದಿಲ್ಲ, ಫಾರಂನಲ್ಲಿ ಹಾಗೇ ಇದೆ ಎಂದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.